ಹಣ್ಣಿನ ತೋಟದ ಹಂದಿ

ಅರಸರ ವಂಶಾವಳಿಯನ್ನು ಶೋಧಿಸುವವರು ಬಹುಮಂದಿ. ಬಡವನ ಹಿತ್ತಲಲ್ಲಿ ಬೆಳೆದ ಪ್ರಾಣಿಯ ವಂಶವನ್ನು ವಿಚಾರಿಸುವವರು ವಿರಳ. ಆದರೆ ಒಂದು ಸೀಮೆಯ ಬಾಳುವೆಯನ್ನು ತಿಳಿಯಲು ಅಂತಹ ಪ್ರಾಣಿಯೂ ಶಾಸನದಂತೆ ನೆರವಾಗುವುದುಂಟು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಓಲ್ಡ್ ಸ್ಪಾಟ್ಸ್ ಎಂಬ ಹಂದಿಯ ತಳಿ ಇದಕ್ಕೆ ನಿದರ್ಶನವಾಗಿದೆ.

ಸೆವರ್ನ್ ನದಿಯ ಬಳಿಯ ಬಾರ್ಕ್ಲಿ ಕಣಿವೆಯೇ ಈ ತಳಿಯ ತವರು. ಬಿಳಿಯ ಮೈ, ಅಲ್ಲಲ್ಲಿ ಕರಿಯ ಮಚ್ಚೆ, ಕಣ್ಣುಗಳನ್ನು ಮರೆಮಾಡಿ ಮೂತಿಯತ್ತ ಜೋಲುವ ಕಿವಿಗಳು, ಇವು ಅದರ ಲಕ್ಷಣಗಳು. ಆ ಸೀಮೆಯವರು ಹಾಲಿನಿಂದ ಚೀಸನ್ನೂ, ಸೇಬು ಮೊದಲಾದ ಹಣ್ಣುಗಳಿಂದ ಮದ್ಯವನ್ನೂ ಮಾಡುತ್ತಿದ್ದರು. ಹಾಲು ಗಟ್ಟಿಯಾದ ಮೇಲೆ ಬೇರ್ಪಡುವ ತಿಳಿನೀರೂ, ಮರದಡಿಯಲ್ಲಿ ಉದುರಿದ ಹಣ್ಣೂ ಈ ಹಂದಿಗೆ ಆಹಾರವಾದುವು. ಹೀಗೆ ವ್ಯರ್ಥವಾಗಬೇಕಾದುದು ಚಳಿಗಾಲಕ್ಕೆ ಉಪ್ಪುಹಾಕಿಟ್ಟ ಮಾಂಸವಾಗಿ ಮನೆಗೆ ಹಿಂದಿರುಗುತ್ತಿತ್ತು. ಜನರು ಇದನ್ನು ತೋಟದ ಹಂದಿಯೆಂದೇ ಕರೆದರು. ಉದುರುವ ಸೇಬುಗಳ ಪೆಟ್ಟಿನಿಂದ ಮೈ ಕಂದಿ ಮಚ್ಚೆಗಳಾದುವೆಂದು ಕತೆಯನ್ನೂ ಕಟ್ಟಿದರು. ಕತೆ ವಿನೋದದ್ದಾದರೂ, ಹಂದಿ, ಮರ, ಮನೆ ಈ ಮೂರೂ ಒಂದೇ ಬಾಳಿನ ಅಂಗಗಳೆಂಬ ಅರಿವು ಅದರಲ್ಲಿ ಅಡಗಿದೆ.

1913ರಲ್ಲಿ ಈ ತಳಿಗಾಗಿ ಒಂದು ಸಂಘ ಸ್ಥಾಪಿತವಾಯಿತು. ಆದರೆ ಎರಡನೆಯ ಮಹಾಯುದ್ಧದ ತರುವಾಯ ಕಾಲ ತಿರುಗಿತು. ಜನರು ಕೊಬ್ಬು ಕಡಿಮೆಯಾದ ಮಾಂಸವನ್ನು ಬಯಸಿದರು. ಸಾಕಣೆ ತೋಟವನ್ನು ಬಿಟ್ಟು ದೊಡ್ಡ ಕೊಟ್ಟಿಗೆಗಳನ್ನು ಸೇರಿತು. ಲಾರ್ಜ್ ವೈಟ್, ಲ್ಯಾಂಡ್ರೇಸ್, ವೆಲ್ಷ್ ಎಂಬ ಮೂರು ತಳಿಗಳಿಗೇ ಪ್ರಾಶಸ್ತ್ಯ ಕೊಡಬೇಕೆಂದು 1955ರಲ್ಲಿ ಸರ್ಕಾರದ ಸಮಿತಿಯೊಂದು ಸಲಹೆಯಿತ್ತಿತು. ಹಳೆಯ ಹಣ್ಣಿನ ತೋಟಗಳೂ ಒಂದೊಂದಾಗಿ ಕೊಡಲಿಗೆ ಬಲಿಯಾದುವು. ಲಿಂಕನ್‌ಷೈರಿನ ಗುಂಗುರುಗೂದಲ ಹಂದಿ 1970ರ ದಶಕದ ಆರಂಭದಲ್ಲಿ ನಿರ್ವಂಶವಾಯಿತು. ಮಚ್ಚೆಯ ಹಂದಿ ಕೆಲವರ ಹಟದಿಂದ ಮಾತ್ರ ಉಳಿದುಕೊಂಡಿತು. ವಿರಳ ತಳಿಗಳ ರಕ್ಷಣೆಗಾಗಿ 1973ರಲ್ಲಿ ಆ ದೇಶದಲ್ಲಿ ಒಂದು ಸಂಸ್ಥೆ ಹುಟ್ಟಿತು. 2010ರಲ್ಲಿ ಈ ತಳಿಯ ಸಾಂಪ್ರದಾಯಿಕ ಮಾಂಸಕ್ಕೆ ಐರೋಪ್ಯ ಒಕ್ಕೂಟದ ಮನ್ನಣೆಯೂ ದೊರೆಯಿತು.

ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬಹುದು. ಕಾಡಿನ ಪ್ರಾಣಿಯನ್ನು ಉಳಿಸಬೇಕಾದರೆ ಕೊಲ್ಲದಿರಬೇಕು. ಈ ಹಂದಿಯನ್ನು ಉಳಿಸಬೇಕಾದರೆ ಅದರ ಮಾಂಸವನ್ನು ಬಯಸುವವರಿರಬೇಕು. ಬಯಸುವವರಿಲ್ಲದೆ ಸಾಕುವವರಿಲ್ಲ. ಸಾಕುವವರು ಸಿಕ್ಕರೂ, ಕೊಟ್ಟಿಗೆಯಲ್ಲಿಯೇ ಕಟ್ಟಿಹಾಕಿ ಬೆಳೆಸಿದರೆ ತಳಿ ಮಾತ್ರ ಉಳಿದೀತು. ಅದು ಹುಟ್ಟಿಬೆಳೆದ ಬಾಳುವೆ ಉಳಿಯದು. ಈಗಲೂ ಆ ಸೇಬಿನ ಕತೆಯನ್ನು ಮಕ್ಕಳಿಗೆ ಹೇಳುವವರಿದ್ದಾರೆ. ಕೇಳಿದ ಮಗು ಹೊರಗೆ ಹೋಗಿ ನೋಡಿದಾಗ ಹಂದಿಯೂ ಇರಬೇಕು, ಅದರ ಮೇಲೆ ಹಣ್ಣುದುರಿಸುವ ಮರವೂ ಇರಬೇಕು.