‘ಹೂಂ’ ಅನ್ನುವವರ ಚರಿತ್ರೆ

ಬನದ ಹುಣ್ಣಿಮೆ ಬಂತೆಂದರೆ ಸವದತ್ತಿ ತಾಲ್ಲೂಕಿನ ಉಗರಗೋಳದ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರಿಗೆ ಹೊಂದಿಕೊಂಡಿರುವ ಯಲ್ಲಮ್ಮನಗುಡ್ಡಕ್ಕೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಮಹಾರಾಷ್ಟ್ರದಿಂದಲೂ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಜನ ಬರುತ್ತಾರೆ. ‘ಉಧೋ ಉಧೋ’ ಎಂಬ ಕೂಗು, ಚೌಡಕಿಯ ನಾದ, ಗಾಳಿಯಲ್ಲೆಲ್ಲ ಭಂಡಾರದ ಹಳದಿ. ಬಂದವರು ಪಡಲಗಿ ತುಂಬಿಸಿ ಕೈಮುಗಿದು ಹೊರಟುಬಿಡುತ್ತಾರೆ ಎಂದುಕೊಂಡರೆ ಅದು ಅರ್ಧ ಚಿತ್ರ ಮಾತ್ರ. ಉಳಿದರ್ಧ ಮರದ ನೆರಳಿನಲ್ಲಿ, ಜೋಗತಿಯ ಎದುರಿನಲ್ಲಿ ನಡೆಯುತ್ತದೆ. ಮಕ್ಕಳಾಗಲಿಲ್ಲ, ಗಂಡನ ಕುಡಿತ ನಿಲ್ಲಲಿಲ್ಲ, ರಾತ್ರಿ ನಿದ್ದೆಯಿಲ್ಲ, ಮಗಳು ಮಾತೇ ಆಡುತ್ತಿಲ್ಲ ಎಂಬ ಸಂಗತಿಗಳು ಅಲ್ಲಿ ಹೊರಬೀಳುತ್ತವೆ. ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಹೆಂಗಸೊಬ್ಬಳು ಗುಡ್ಡದಲ್ಲಿ ಗುರುತಿಲ್ಲದವಳಿಗೆ ಹೇಳುತ್ತಾಳೆ. ಕೇಳುವವಳು ನಡುನಡುವೆ ‘ಹೂಂ, ಮುಂದ ಹೇಳವ್ವ’ ಅನ್ನುತ್ತಾಳೆ.

ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕು ಎಂಬುದು ಕನ್ನಡ ನಾಡಿನ ಹಳೆಯ ರೂಢಿ. ಮೊಮ್ಮಗು ಹೂಂ ಅನ್ನುವುದನ್ನು ನಿಲ್ಲಿಸಿದರೆ ಅಜ್ಜಿಯೂ ಕತೆ ನಿಲ್ಲಿಸುತ್ತಾಳೆ. ಸಂಕಟದ ಕತೆಗೂ ಇದೇ ನಿಯಮ. ಆದರೆ ಗುಡ್ಡದ ಹೂಂಗೆ ಬಹಳ ಕಾಲ ಒಂದು ಬೆಲೆಯಿತ್ತು. ಕೇಳುವವರ ಬಳಿ ಉತ್ತರ ಮೊದಲೇ ಸಿದ್ಧವಾಗಿರುತ್ತಿತ್ತು. ಹುಡುಗಿಯ ತಲೆಗೂದಲು ಗಂಟುಗಟ್ಟಿ ಜಡೆಯಾಗಿದ್ದರೆ ಅದು ದೇವಿಯ ಕರೆ. ಮನೆಯಲ್ಲಿ ಮೇಲಿಂದ ಮೇಲೆ ಕೇಡಾಗುತ್ತಿದ್ದರೆ ದೇವಿಯ ಮುನಿಸು. ಪರಿಹಾರವೆಂದರೆ ಹುಡುಗಿಯನ್ನು ದೇವಿಗೆ ಬಿಡುವುದು. ತಲೆ ಬಾಚದೆ, ತೊಳೆಯದೆ ಬಿಟ್ಟ ಕೂದಲು ಎಷ್ಟೋ ಹುಡುಗಿಯರ ಬಾಳನ್ನು ತೀರ್ಮಾನಿಸಿತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ 1982ರಲ್ಲಿ ಬಂತು. ಸಂಕಟ ಹೇಳಿಕೊಂಡದ್ದು ತಾಯಿ, ಅದಕ್ಕೆ ದಂಡ ತೆತ್ತದ್ದು ಮಗಳು ಎಂಬ ಈ ಚರಿತ್ರೆಯನ್ನು ಮರೆತು ಗುಡ್ಡದ ಬಗ್ಗೆ ಬರೆಯಲಾಗದು.

ಗುಡ್ಡ ಬೇಡವೆಂದವರಿಗೆ ಇದ್ದ ಇನ್ನೊಂದು ದಾರಿ ಧಾರವಾಡದ್ದು. ಸವದತ್ತಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ‘ಲುನಾಟಿಕ್ ಅಸೈಲಂ’ ಆರಂಭವಾಯಿತು. ಜನರ ಬಾಯಲ್ಲಿ ಅದು ಹುಚ್ಚರ ಆಸ್ಪತ್ರೆ. ಇಂದು ಅದೇ ಸಂಸ್ಥೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಅಂದರೆ ಡಿಮ್ಹಾನ್ಸ್. ಹೆಸರಿನ ಈ ಪಯಣದ ಹಿಂದೆ ಕಾನೂನಿನ ಪಯಣವೂ ಇದೆ. 1858ರ ಮತ್ತು 1912ರ ಕಾಯಿದೆಗಳು ರೋಗಿಯನ್ನು ಎಲ್ಲಿಡಬೇಕು, ಯಾರ ಆದೇಶದ ಮೇಲೆ ಇಡಬೇಕು ಎಂಬುದರ ಬಗ್ಗೆಯೇ ಹೆಚ್ಚು ತಲೆಕೆಡಿಸಿಕೊಂಡಿದ್ದವು. ಆತ ಏನು ಹೇಳುತ್ತಾನೆ ಎಂದು ಕೇಳುವ ಗೊಡವೆಗೆ ಅವು ಹೋಗಲಿಲ್ಲ. ಹೀಗಾಗಿ ಧಾರವಾಡಕ್ಕೆ ಕಳಿಸುವುದು ಎಂಬ ಮಾತೇ ಈ ಭಾಗದಲ್ಲಿ ಬೈಗುಳವೂ ಗೇಲಿಯೂ ಆಯಿತು. ಪೇಡೆಯ ಊರು, ಕವಿಗಳ ಊರು ಈ ಅಪಖ್ಯಾತಿಯನ್ನೂ ಹೊತ್ತುಕೊಂಡಿತು.

ನಿದ್ದೆಗೆಟ್ಟ ಹೆಂಗಸಿಗೆ, ಪರೀಕ್ಷೆಗೆ ಹೆದರಿದ ಹುಡುಗನಿಗೆ, ಹೆಂಡತಿ ಸತ್ತ ಮೇಲೆ ಮಂಕಾದ ಮುದುಕನಿಗೆ ಈ ಎರಡೂ ದಾರಿ ಹೊಂದುವಂಥವಲ್ಲ. ಒಂದು ಕಡೆ ದೇವಿಯ ತೀರ್ಪು, ಇನ್ನೊಂದು ಕಡೆ ಎತ್ತರದ ಗೋಡೆ. ನಡುವೆ ಒಂದು ಪುಟ್ಟ ಕೋಣೆ, ಎರಡು ಕುರ್ಚಿ, ತೀರ್ಪು ಕೊಡದೆ ಕೇಳುವ ಒಬ್ಬ ಮನುಷ್ಯ ಬೇಕಿತ್ತು. ಅಂಥ ಕೋಣೆಯ ಕಲ್ಪನೆ ಬಂದದ್ದಾದರೂ ಎಲ್ಲಿಂದ?

ರೋಚೆಸ್ಟರಿನ ತಾಯಿ

ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಅಮೆರಿಕದ ಕಾರ್ಲ್ ರೋಜರ್ಸ್ ಬಳಿಗೆ ಬರಬೇಕಾಗುತ್ತದೆ. 1902ರಲ್ಲಿ ಹುಟ್ಟಿದ ಆತ ಮೊದಲು ಓದಲು ಹೊರಟದ್ದು ವ್ಯವಸಾಯ ವಿಜ್ಞಾನ. ಆಮೇಲೆ ಮನಶ್ಶಾಸ್ತ್ರಕ್ಕೆ ಬಂದು, 1928ರಿಂದ ಹನ್ನೆರಡು ವರ್ಷ ರೋಚೆಸ್ಟರ್ ನಗರದಲ್ಲಿ ತಂಟೆಕೋರ ಮಕ್ಕಳ ಜತೆ ಕೆಲಸ ಮಾಡಿದರು. ಅಲ್ಲಿಯ ಒಂದು ಪ್ರಸಂಗವನ್ನು ಅವರೇ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಹುಡುಗನೊಬ್ಬ ಮಹಾ ಪುಂಡ. ಅವನ ತಾಯಿ ಎಳವೆಯಲ್ಲಿ ಅವನನ್ನು ದೂರವಿಟ್ಟದ್ದೇ ಇದಕ್ಕೆ ಕಾರಣ ಎಂದು ರೋಜರ್ಸ್‌ಗೆ ಖಚಿತವಾಗಿತ್ತು. ಅದನ್ನು ಆಕೆಗೆ ಮನಗಾಣಿಸಲು ವಾರಗಟ್ಟಲೆ ಪ್ರಯತ್ನಪಟ್ಟರು. ಆಕೆ ಒಪ್ಪಲಿಲ್ಲ. ಕೊನೆಗೆ ‘ನಮ್ಮಿಂದ ಆಗುವುದಿಲ್ಲ, ಇಲ್ಲಿಗೆ ನಿಲ್ಲಿಸೋಣ’ ಎಂದು ಇಬ್ಬರೂ ಒಪ್ಪಿ ಕೈಕುಲುಕಿದರು. ಬಾಗಿಲ ತನಕ ಹೋದ ಆಕೆ ಹಿಂದಿರುಗಿ ನೋಡಿ, ಇಲ್ಲಿ ದೊಡ್ಡವರನ್ನೂ ನೋಡುತ್ತೀರಾ ಎಂದು ಕೇಳಿದಳು. ಹೌದು ಎಂದದ್ದೇ ತಡ, ಬಂದು ಕುರ್ಚಿಯಲ್ಲಿ ಕೂತು ತನ್ನ ದಾಂಪತ್ಯದ ಗೋಳನ್ನೆಲ್ಲ ತೋಡಿಕೊಂಡಳು. ವೈದ್ಯ ಹೇಳಿದ ಕತೆ ಒಂದು, ಆಕೆಯೊಳಗಿದ್ದ ಕತೆಯೇ ಬೇರೆ. ಮುಂದೆ ಆಕೆಯೂ ಸುಧಾರಿಸಿದಳು, ಮಗನೂ ಸುಧಾರಿಸಿದ. ಎಲ್ಲಿ ನೋಯುತ್ತಿದೆ ಎಂಬುದು ನೊಂದವರಿಗೇ ಗೊತ್ತು. ದಾರಿಯನ್ನೂ ಅವರೇ ತೋರಿಸಬಲ್ಲರು ಎಂಬ ಪಾಠ ರೋಜರ್ಸ್‌ಗೆ ಹತ್ತಿದ್ದು ಅಂದು.

1942ರ ತಮ್ಮ ಪುಸ್ತಕದಲ್ಲಿ ಅವರು ‘ರೋಗಿ’ ಎಂಬ ಪದವನ್ನು ಬಿಟ್ಟು ‘ಕ್ಲಯಂಟ್’ ಎಂದು ಬಳಸಿದರು. ವಕೀಲರ ಬಳಿ ಹೋಗುವ ಕಕ್ಷಿದಾರನಂತೆ ಬಂದವನು, ತನ್ನ ವ್ಯವಹಾರದ ಯಜಮಾನ ತಾನೇ ಆಗಿ ಉಳಿಯುವವನು ಎಂಬ ಅರ್ಥ. ಚಿಕಿತ್ಸೆಯ ಮಾತುಕತೆಯನ್ನು ಧ್ವನಿಮುದ್ರಿಸಿ ಅಕ್ಷರಶಃ ಪ್ರಕಟಿಸಿದವರಲ್ಲಿ ಅವರು ಮೊದಲಿಗರು. ಗುಟ್ಟಿನ ವಿದ್ಯೆಯಂತಿದ್ದುದನ್ನು ಯಾರು ಬೇಕಾದರೂ ಪರೀಕ್ಷಿಸುವಂತೆ ಬಯಲಿಗಿಟ್ಟದ್ದು ಸಣ್ಣ ಸಾಧನೆಯಲ್ಲ. 1957ರಲ್ಲಿ ಬರೆದ ಪ್ರಬಂಧದಲ್ಲಿ ಕೇಳುವವರಿಗೆ ಇರಬೇಕಾದ ಗುಣಗಳನ್ನು ವಿವರಿಸಿದರು: ಒಳಗೊಂದು ಹೊರಗೊಂದು ಇಲ್ಲದಿರುವುದು, ಎದುರಿನವರನ್ನು ಯಾವ ಷರತ್ತೂ ಇಲ್ಲದೆ ಆದರಿಸುವುದು, ಅವರ ಕಣ್ಣಿನಿಂದ ಅವರ ಲೋಕವನ್ನು ನೋಡುವುದು. ವ್ಯಕ್ತಿಕೇಂದ್ರಿತ ಚಿಕಿತ್ಸೆ ಎಂದು ಇಂದು ಕರೆಯುವುದರ ತಿರುಳು ಇಷ್ಟೇ. ರೈತನ ಮಗನಂತೆ ಬೆಳೆದ ರೋಜರ್ಸ್, ಮನೆಯ ನೆಲಮಾಳಿಗೆಯಲ್ಲಿಟ್ಟ ಆಲೂಗಡ್ಡೆ ಕತ್ತಲಲ್ಲೂ ಬಿಳಿಚಿದ ಮೊಳಕೆ ಒಡೆದು ಕಿಟಕಿಯ ಬೆಳಕಿನತ್ತ ಚಾಚುತ್ತಿದ್ದುದನ್ನು ನೆನೆಯುತ್ತಿದ್ದರು. ಬಿತ್ತಿದವನು ಮೊಳಕೆಯನ್ನು ಎಳೆಯಬಾರದು ಎಂಬುದು ಬೆಳಗಾವಿ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಟೀಕೆಗಳೂ ಇದ್ದವು. ‘ಹೂಂ, ಹೂಂ’ ಅನ್ನುವುದೊಂದು ವಿದ್ಯೆಯೇ ಎಂದು ಅವರನ್ನು ಗೇಲಿ ಮಾಡಿದವರುಂಟು. ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯಾದ ತೀವ್ರ ರೋಗಿಗಳ ಮೇಲೆ ಈ ಪದ್ಧತಿಯನ್ನು ಪ್ರಯೋಗಿಸಿದಾಗ ಫಲಿತಾಂಶ ಅವರು ಬಯಸಿದಂತೆ ಬರಲಿಲ್ಲ. ಭ್ರಮೆ, ಉನ್ಮಾದಗಳಂಥ ಕಾಯಿಲೆಗೆ ಔಷಧ ಬೇಕೇ ಬೇಕು. ಬೆಚ್ಚನೆಯ ಮಾತು ಅದರ ಜತೆಗಿರಬಹುದು, ಅದರ ಜಾಗದಲ್ಲಿ ಅಲ್ಲ.

ಕೊರವಂಜಿ ಕಂಡ ಮನಸ್ಸು

ಕನ್ನಡ ನಾಡಿಗೆ ಮನಶ್ಶಾಸ್ತ್ರ ಹೊಸತೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಮುಂದೆ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಆರಂಭಿಸಿದವರೂ ಇವರೇ ಎಂಬುದು ಹಲವರಿಗೆ ಗೊತ್ತಿರುವ ಸಂಗತಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು.

ಆದರೆ ಮನಸ್ಸಿನ ಮಾತನ್ನು ಮನೆಮಾತಿನಲ್ಲಿ ಆಡಿ ತೋರಿಸಿದವರು ಬೇರೆ. ರೋಜರ್ಸ್ ಪುಸ್ತಕ ಬಂದ 1942ರಲ್ಲೇ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ‘ಕೊರವಂಜಿ’ ಎಂಬ ಹಾಸ್ಯ ಮಾಸಿಕ ಹೊರಡಿಸಿದರು. ‘ರಾಶಿ’ ಎಂದೇ ಓದುಗರು ಅವರನ್ನು ಬಲ್ಲರು. ವೈದ್ಯರಾದ ಅವರು ನಗಿಸುತ್ತಲೇ ಮನೋವ್ಯಥೆಗಳ ಬಗ್ಗೆ ಸಾಮಾನ್ಯರಿಗೆ ತಿಳಿಯುವಂತೆ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕತೆ, ಕಾವ್ಯಗಳ ಸಾಲಿನಲ್ಲಿ ಮನೋವೈದ್ಯದ ಪುಸ್ತಕವೊಂದು ಈ ಮನ್ನಣೆ ಪಡೆದದ್ದು ಕನ್ನಡದ ಹೆಚ್ಚುಗಾರಿಕೆ.

ಅವರ ಹಾದಿಯಲ್ಲೇ ಬಹಳ ದೂರ ನಡೆದವರು ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಅವರು ಬರೆದ ಪುಸ್ತಕ, ಲೇಖನಗಳಿಗೆ ಲೆಕ್ಕವಿಲ್ಲ. ಬೆಂಗಳೂರಿನಲ್ಲಿ ಅವರು ಕಟ್ಟಿದ ‘ಸಮಾಧಾನ’ ಎಂಬ ಕೇಂದ್ರದಲ್ಲಿ ಸಲಹೆ ಉಚಿತ. ಇನ್ನೂ ಮುಖ್ಯವೆಂದರೆ ವೈದ್ಯರಲ್ಲದ ಸಾಮಾನ್ಯರಿಗೂ ಕೇಳುವ ವಿದ್ಯೆಯಲ್ಲಿ ಅವರು ತರಬೇತಿ ಕೊಟ್ಟರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಸಲಹೆಯೋ ಆಪ್ತತೆಯೋ

‘ಕೌನ್ಸೆಲಿಂಗ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಆಪ್ತಸಲಹೆ’ ಎಂದರು, ‘ಆಪ್ತ ಸಮಾಲೋಚನೆ’ ಎಂದೂ ಹೇಳುತ್ತಾರೆ. ಇಂಗ್ಲಿಷ್ ಪದದಲ್ಲಿ ಆಪ್ತತೆಯ ಸುಳಿವಿಲ್ಲ. ಅದನ್ನು ಕೂಡಿಸಿದ್ದು ಕನ್ನಡ. ರೋಜರ್ಸ್ ಕೇಳಿದ್ದರೆ ಹಿಗ್ಗುತ್ತಿದ್ದರೇನೋ. ‘ಸಲಹೆ’ ಎಂಬ ಉತ್ತರಾರ್ಧಕ್ಕೆ ಮಾತ್ರ ಅವರು ತಲೆಯಾಡಿಸುತ್ತಿರಲಿಲ್ಲ. ನಮ್ಮಲ್ಲಿ ಸಲಹೆಗೆ ಬರವಿಲ್ಲ. ಅತ್ತೆ, ಮಾವ, ಪಕ್ಕದ ಮನೆಯವರು, ಬಸ್ಸಿನಲ್ಲಿ ಜತೆಗೆ ಕೂತವರು ಎಲ್ಲರೂ ಕೊಡುತ್ತಾರೆ.

ವ್ಯತ್ಯಾಸ ತಿಳಿಯಲು ಒಂದು ಉದಾಹರಣೆ ನೋಡಬಹುದು. ಒಬ್ಬ ತಾಯಿ ಬಂದು, ‘ಮಗಳ ಲಗ್ನಾ ಆದ ಮ್ಯಾಲೆ ಮನ್ಯಾಗ ನಾ ಯಾಕ ಅದೀನಿ ಅಂತ ತಿಳೀವಲ್ದ್ರಿ’ ಎಂದಳು ಎನ್ನೋಣ. ಸಲಹೆ ಕೊಡುವವರು, ‘ಭಜನಿಗೆ ಹೋಗ್ರಿ, ಟಿ.ವಿ. ನೋಡ್ರಿ, ಎಲ್ಲಾ ಸರಿ ಹೋಗ್ತೈತಿ’ ಎನ್ನುತ್ತಾರೆ. ವ್ಯಕ್ತಿಕೇಂದ್ರಿತ ಪದ್ಧತಿಯಲ್ಲಿ ಪಳಗಿದವರು, ‘ಮನಿ ತುಂಬ ಮಂದಿ ಇದ್ರೂ ನಿಮಗ ಮನಿ ಖಾಲಿ ಅನಸಾಕತ್ತೈತೇನ್ರಿ?’ ಎಂದು ಕೇಳಿ ಸುಮ್ಮನಾಗುತ್ತಾರೆ. ತಾಯಿ ಅಳಬಹುದು, ಹತ್ತು ನಿಮಿಷ ಮಾತಾಡದಿರಬಹುದು. ಮಗಳ ಸುದ್ದಿ ಬಿಟ್ಟು ಎಂದೋ ತೀರಿಕೊಂಡ ತಂಗಿಯ ಸುದ್ದಿ ತೆಗೆಯಲೂಬಹುದು. ಕೇಳುವವರು ಅವಳನ್ನು ಮತ್ತೆ ಮಗಳ ಸುದ್ದಿಗೆ ಎಳೆದು ತರುವುದಿಲ್ಲ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಂಥ ಒಂದು ಭೇಟಿ ನಡೆಯುತ್ತದೆ. ರೋಗಿಗಳ ಸಾಲು ಬಾಗಿಲಾಚೆ ನಿಂತಿರುವ ದೊಡ್ಡ ಆಸ್ಪತ್ರೆಯಲ್ಲಿ ಇಷ್ಟು ಹೊತ್ತು ಒಬ್ಬರಿಗೇ ಕೊಡುವುದು ಕಷ್ಟ. ಸಣ್ಣ ಚಿಕಿತ್ಸಾಲಯಗಳ ಬಲ ಇರುವುದು ಇಲ್ಲಿ.

ವಿಚಿತ್ರವೆಂದರೆ, ಉತ್ತರ ಕರ್ನಾಟಕದ ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಆಪ್ತ ಸಮಾಲೋಚಕರು’ ಎಂಬ ಬೋರ್ಡು ಕಂಡದ್ದು ಮನಸ್ಸಿನ ಕಾಯಿಲೆಯ ನೆಪದಿಂದಲ್ಲ, ಏಡ್ಸ್ ನೆಪದಿಂದ. ಎಚ್‌ಐವಿ ರಕ್ತಪರೀಕ್ಷೆಗೆ ಮುಂಚೆಯೂ ಆಮೇಲೆಯೂ ಮಾತಾಡಲು ಒಬ್ಬರಿರಬೇಕೆಂಬ ನಿಯಮ ಬಂತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಸೋಂಕು ಹೆಚ್ಚಿದ್ದ ಪ್ರದೇಶಗಳು. ಗುಡ್ಡದಲ್ಲಿ ದೇವಿಗೆ ಬಿಟ್ಟ ಹೆಣ್ಣುಮಕ್ಕಳಲ್ಲಿ ಹಲವರು ಕೊನೆಗೆ ಬಂದು ಕೂತದ್ದು ಈ ಸಣ್ಣ ಕೋಣೆಯ ಕುರ್ಚಿಯಲ್ಲಿ. ಅದೇ ವೇಳೆಗೆ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡ ‘ಮಾಸ್’ ಸಂಸ್ಥೆಯಲ್ಲಿ ಅವರ ಮಾತನ್ನು ಅವರಂಥವರೇ ಕೇಳಿಸಿಕೊಳ್ಳುತ್ತಿದ್ದರು. ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಗುಡಿಯೂ ಸರಪಳಿಯೂ

ಹಾಗಾದರೆ ಗುಡ್ಡಕ್ಕೆ ಹೋಗುವುದೇ ತಪ್ಪೇ? ನಿಮ್ಹಾನ್ಸ್‌ನ ಡಾ. ಆರ್. ರಘುರಾಂ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ಬಂದು ತಂಗಿದ 31 ಮಂದಿ ಮನೋರೋಗಿಗಳನ್ನು ಅವರು ಗಮನಿಸಿದ್ದರು. ಸರಾಸರಿ ಆರು ವಾರದ ವಾಸದಲ್ಲಿ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ಪೂಜೆ, ಮಂತ್ರ ಹೆಚ್ಚೇನೂ ಇರಲಿಲ್ಲ. ಗದರದ, ಹೆದರಿಸದ, ನಾಲ್ಕು ಜನರ ನಡುವೆ ಇರಗೊಟ್ಟ ವಾತಾವರಣವೇ ಗುಣ ತಂದಿರಬಹುದು ಎಂಬುದು ಅವರ ವಿವರಣೆ. ಅದಕ್ಕೆ ಕೇವಲ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಶ್ರಯ ಅರಸಿ ಬಂದ ರೋಗಿಗಳನ್ನಿಟ್ಟಿದ್ದ ಖಾಸಗಿ ಗುಡಿಸಲೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಅವರು ಓಡಿಹೋಗಲಾಗಲಿಲ್ಲ. ಗುಡಿಯೋ ದರ್ಗಾವೋ ಆಸ್ಪತ್ರೆಯೋ ಎಂಬುದಕ್ಕಿಂತ ಅಲ್ಲಿಯ ಕೈ ಎಂಥದು ಎಂಬ ಪ್ರಶ್ನೆಯೇ ದೊಡ್ಡದು.

ಖಾಸಗಿ ಕೋಣೆಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಂಥ ನಗರಗಳಲ್ಲಿ ಇಂದು ಮನಶ್ಶಾಸ್ತ್ರಜ್ಞರ ಸಣ್ಣ ಚಿಕಿತ್ಸಾಲಯಗಳಿವೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು ಎಂಬುದನ್ನು ಹೋಗುವವರು ಕೇಳಿ ತಿಳಿಯಬಹುದು; ಕೇಳಿದರೆ ಸಿಟ್ಟಾಗುವವರ ಬಳಿ ಎರಡನೆಯ ಸಲ ಹೋಗಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳಿಕೊಂಡ ಮಾತನ್ನು ಗುಟ್ಟಾಗಿಡುವುದನ್ನು ರೋಗಿಯ ಹಕ್ಕೆಂದೇ ಕರೆದಿದೆ. ಗಂಡನಿಗೆ, ಅಣ್ಣನಿಗೆ, ಮಠದ ಹಿರಿಯರಿಗೆ ತಿಳಿಸಿಬಿಡುವವರು ಎಷ್ಟು ಬೆಚ್ಚಗೆ ಮಾತಾಡಿದರೂ ಪ್ರಯೋಜನವಿಲ್ಲ.

ಶುಲ್ಕ ಕೊಡಲಾಗದವರ ಪಾಡೇನು? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬಹುತೇಕ ಮನೋವ್ಯಾಧಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಈ ಕೆಲಸ ಕಲಿಸಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಲು ಗೊತ್ತುಮಾಡಿದ ವಾರ ಮಂಗಳವಾರ. ಅದು ಯಲ್ಲಮ್ಮನ ವಾರವೂ ಹೌದು. ಯೋಜನೆ ಮಾಡಿದವರಿಗೆ ಇದು ಹೊಳೆದಿತ್ತೋ ಇಲ್ಲವೋ, ಗುಡ್ಡಕ್ಕೆಂದು ಬಸ್ಸು ಹತ್ತಿದವರು ಸವದತ್ತಿಯಲ್ಲಿ ಇಳಿದು ಆಸ್ಪತ್ರೆಗೂ ಹೋಗಿಬರಲು ಅಡ್ಡಿಯಿಲ್ಲ.

2022ರ ಅಕ್ಟೋಬರ್‌ನಲ್ಲಿ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯೂ ಶುರುವಾಗಿದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಉಗರಗೋಳದ ಹೆಂಗಸು ಫೋನೆತ್ತಿ ‘ಎದಿ ಭಾರ ಆಗೇತ್ರಿ, ಜೀವಕ್ಕ ಕಸಿವಿಸಿ’ ಎಂದಾಗ ಆ ಕಡೆಯವರು ಅದನ್ನು ಹೃದಯದ ಕಾಯಿಲೆ ಎಂದು ತಿಳಿಯದೆ, ಖಿನ್ನತೆ ಎಂದು ಆಗಲೇ ಬರೆದುಕೊಳ್ಳದೆ, ಮೊದಲು ‘ಹೂಂ, ಹೇಳ್ರಿ’ ಅನ್ನಬೇಕು.