ಊರ ಹುಡುಗರ ತಂಡ: ಮಾಂಟ್ರಿಯಲ್ ಕೆನೇಡಿಯನ್ಸ್ ಮತ್ತು ಸ್ಥಳೀಯ ಪ್ರತಿಭೆಯ ಬೆಲೆ

ವೃತ್ತಿಪರ ತಂಡದಲ್ಲಿ ಊರಿನ ಆಟಗಾರರಿರಬೇಕೆಂಬುದನ್ನು ಬರಿಯ ಅಭಿಮಾನದ ಮಾತೆಂದು ತಳ್ಳಿಹಾಕುವವರಿದ್ದಾರೆ. ಕೆನಡಾದ ಐಸ್ ಹಾಕಿ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್‌ನ ಚರಿತ್ರೆ ಈ ನಿಲುವನ್ನು ಒಪ್ಪುವುದಿಲ್ಲ. ಅಲ್ಲಿ ಅಭಿಮಾನದ ಬೆನ್ನಿಗೆ ಗಟ್ಟಿಯಾದ ಒಂದು ವ್ಯವಸ್ಥೆ ನಿಂತಿತ್ತು.

1909ರಲ್ಲಿ ಹುಟ್ಟಿದ ಈ ತಂಡ ಫ್ರೆಂಚ್ ಭಾಷಿಕರದೆಂದೇ ರೂಪುಗೊಂಡದ್ದು. 1955ರ ಮಾರ್ಚ್‌ನಲ್ಲಿ ಲೀಗ್ ತಂಡದ ತಾರೆ ಮೊರೀಸ್ ರಿಷಾರ್ ಅವರನ್ನು ಅಮಾನತು ಮಾಡಿದಾಗ ನಗರದಲ್ಲಿ ದಂಗೆಯೇ ಎದ್ದಿತು. ಮರುವರ್ಷದಿಂದ 1960ರವರೆಗೆ ತಂಡ ಲೀಗಿನ ಅತ್ಯುನ್ನತ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪನ್ನು ಸತತ 5 ಸಲ ಗೆದ್ದಿತು. ಆ ತಂಡದ ರಿಷಾರ್ ಸಹೋದರರು, ಬೆಲಿವೊ, ಜೆಫ್ರಿಯೊನ್, ಗೋಲ್‌ಕೀಪರ್ ಪ್ಲಾಂಟ್ ಎಲ್ಲರೂ ಕ್ವಿಬೆಕ್ ಪ್ರಾಂತ್ಯದವರು. ಡಗ್ ಹಾರ್ವೆ, ಡಿಕಿ ಮೂರ್ ಇಂಗ್ಲಿಷ್ ಮಾತಿನವರಾದರೂ ಮಾಂಟ್ರಿಯಲ್‌ನಲ್ಲೇ ಹುಟ್ಟಿದವರು. 'ನಮ್ಮವರು' ಎಂಬುದನ್ನು ಭಾಷೆಯೊಂದರಿಂದಲೇ ಅಳೆಯುವುದು ಸರಿಯಲ್ಲವೆಂದು ನನಗನ್ನಿಸುವುದು ಇದರಿಂದಲೇ.

ಆಗ ಕ್ಲಬ್ಬುಗಳು ಕಿರಿಯರ ತಂಡಗಳನ್ನು ಸಾಕಿ, ಹುಡುಗರಿಂದ ಎಳವೆಯಲ್ಲೇ ಸಹಿ ಹಾಕಿಸಿಕೊಳ್ಳುತ್ತಿದ್ದವು. ವಿಕ್ಟೋರಿಯಾವಿಲ್ ಎಂಬ ಪಟ್ಟಣದಲ್ಲಿ ಬೆಳೆದ ಬೆಲಿವೊ ಮಾತ್ರ ಸುಲಭಕ್ಕೆ ದಕ್ಕಲಿಲ್ಲ. ಕ್ವಿಬೆಕ್ ಏಸಸ್ ತಂಡದಲ್ಲೇ ಆಡಿಕೊಂಡಿದ್ದರು. ಕಡೆಗೆ 1953ರಲ್ಲಿ ಕೆನೇಡಿಯನ್ಸ್ ಏಸಸ್ ಆಡುತ್ತಿದ್ದ ಲೀಗನ್ನೇ ಕೊಂಡು ವೃತ್ತಿಪರ ಲೀಗಾಗಿ ಮಾರ್ಪಡಿಸಿತು. ಬೆಲಿವೊ ಅವರ ಹಕ್ಕು ತಾನಾಗಿ ಕೈಸೇರಿತು. ಒಬ್ಬ ಆಟಗಾರನಿಗಾಗಿ ಇಡೀ ಲೀಗು! ಊರ ಪ್ರತಿಭೆಗೆ ಕಟ್ಟಿದ ಬೆಲೆಗೆ ಇದಕ್ಕಿಂತ ನೇರವಾದ ಪುರಾವೆ ಸಿಗಲಾರದು.

1963ರಲ್ಲಿ, ಕಿರಿಯ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 'ಡ್ರಾಫ್ಟ್' ಆರಂಭವಾಗಿ ಈ ಹಿಡಿತ ಸಡಿಲಗೊಂಡಿತು. ಆದರೂ ಇಬ್ಬರು ಫ್ರೆಂಚ್ ಕೆನಡಿಯನ್ ಹುಡುಗರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುವ ವಿಶೇಷ ಹಕ್ಕು ತಂಡಕ್ಕಿತ್ತು; 1969ರ ನಂತರ ಅದೂ ಹೋಯಿತು. 1970ರಲ್ಲಿ ಮೊದಲ ಆಯ್ಕೆ ಯಾರದೆಂದು ತೀರ್ಮಾನಿಸಲು ಹೊಸ ತಂಡಗಳಾದ ಬಫಲೊ, ವ್ಯಾಂಕೂವರ್ ನಡುವೆ ಅಂಕಿಗಳಿದ್ದ ಚಕ್ರ ತಿರುಗಿಸಿದರು. ಲೀಗ್ ಅಧ್ಯಕ್ಷರು 1 ಎಂದು ಓದಿ ವ್ಯಾಂಕೂವರ್ ಹೆಸರು ಹೇಳಿದರು; ಮತ್ತೆ ನೋಡಿದರೆ ಅದು 11, ಬಫಲೊದ ಅಂಕಿ. ಹೀಗೆ ಬಫಲೊಗೆ ದಕ್ಕಿದ ಹುಡುಗ ಗಿಲ್ಬೆರ್ ಪೆರೊ, ಅದೇ ವಿಕ್ಟೋರಿಯಾವಿಲ್‌ನವರು.

ಕೆನೇಡಿಯನ್ಸ್ ವ್ಯವಸ್ಥಾಪಕ ಸ್ಯಾಮ್ ಪೊಲಾಕ್ ಕೈಕಟ್ಟಿ ಕೂರಲಿಲ್ಲ. ಕ್ಯಾಲಿಫೋರ್ನಿಯಾ ತಂಡದ ಮುಂದಿನ ವರ್ಷದ ಆಯ್ಕೆಯನ್ನು ಮೊದಲೇ ವಿನಿಮಯದಲ್ಲಿ ಪಡೆದಿದ್ದರು. ಆ ತಂಡ ಕೊನೆಯ ಸ್ಥಾನಕ್ಕಿಳಿದು, ಅದರ ಪಾಲಿನ ಮೊದಲ ಆಯ್ಕೆ ಕೆನೇಡಿಯನ್ಸ್‌ಗೆ ಸಿಕ್ಕಿತು. 1971ರಲ್ಲಿ ಕ್ವಿಬೆಕ್‌ನ ಗೀ ಲಾಫ್ಲೂರ್ ಮಾಂಟ್ರಿಯಲ್‌ಗೆ ಬಂದರು, ಜೊತೆಗೆ ಮುಂದೆ 5 ಕಪ್‌ಗಳೂ ಬಂದವು. ಹಕ್ಕಿನಿಂದ ಸಿಗುತ್ತಿದ್ದುದು ಈಗ ದೂರದೃಷ್ಟಿಯಿಂದಷ್ಟೇ ಸಿಗಬೇಕಿತ್ತು. ಆ ದೃಷ್ಟಿ ಮುಂದೆ ಮಂಕಾಯಿತೆಂದೇ ನನ್ನ ತೀರ್ಮಾನ. 2021ರ ಮೇ 10ರಂದು, ತನ್ನ ಚರಿತ್ರೆಯಲ್ಲೇ ಮೊದಲ ಸಲ, ಕ್ವಿಬೆಕ್‌ನಲ್ಲಿ ಹುಟ್ಟಿದ ಒಬ್ಬ ಆಟಗಾರನೂ ಇಲ್ಲದೆ ಕೆನೇಡಿಯನ್ಸ್ ಕಣಕ್ಕಿಳಿಯಿತು.