ಶಾಲೆಯ ಗಾನವೃಂದ ಮತ್ತು ಬ್ಯಾಂಡು: ಒಂದು ಚಾರಿತ್ರಿಕ ಅವಲೋಕನ

ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಆಧಾರಗಳ ಕೊರತೆ ಅಷ್ಟಾಗಿ ಇರುವುದಿಲ್ಲ. ಅಡಿಗಲ್ಲಿನ ಮೇಲೆ ಇಸವಿ ಇರುತ್ತದೆ. ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಲ್ಲಿ ಹೆಸರುಗಳಿರುತ್ತವೆ. ಆದರೆ ಹಬ್ಬದ ಬಲಿಪೂಜೆಯಲ್ಲಿ ಹಾಡಿದವರು ಯಾರು, ಮೆರವಣಿಗೆಯ ಮುಂದೆ ಕಹಳೆ ಊದುತ್ತ ನಡೆದ ಹುಡುಗರು ಯಾರು, ಸಂಜೆಯ ಹೊತ್ತು ಅವರನ್ನು ಕೂರಿಸಿಕೊಂಡು ಕಲಿಸಿದ ಉಪಾಧ್ಯಾಯರು ಯಾರು ಎಂಬುದನ್ನು ಬರೆದಿಡುವ ಪುಸ್ತಕ ಸಾಮಾನ್ಯವಾಗಿ ಯಾವ ಧರ್ಮಕೇಂದ್ರದಲ್ಲಿಯೂ ಇರುವುದಿಲ್ಲ. ಆದುದರಿಂದ ಶತಮಾನೋತ್ಸವದ ಈ ಸಂಚಿಕೆಯಲ್ಲಿ, ಶಾಲೆಯ ಮಕ್ಕಳ ಗಾನವೃಂದ ಮತ್ತು ಬ್ಯಾಂಡು ಧರ್ಮಸಭೆಯ ಬಾಳಿನಲ್ಲಿ ಪಡೆದ ಸ್ಥಾನವನ್ನು ಕುರಿತು ಕೆಲವು ಮಾತುಗಳನ್ನು ಬರೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಹಿರಿಯ ತಲೆಮಾರಿನವರು ಒಂದು ಸಂಗತಿಯನ್ನು ನೆನಪು ಮಾಡಿಕೊಳ್ಳುವುದುಂಟು. ಗಾನವೃಂದವು ದೇವಾಲಯದೊಳಗೆ, ಹಿಂಬದಿಯ ಅಟ್ಟದ ಮೇಲೆ ಹಾಡುತ್ತಿತ್ತು. ಬ್ಯಾಂಡು ಬೀದಿಯುದ್ದಕ್ಕೂ ಬಾರಿಸುತ್ತ ಬಂದು ಬಾಗಿಲಿನ ಬಳಿ ಮೌನವಾಗುತ್ತಿತ್ತು. ಇದು ಕೇವಲ ರೂಢಿಯೆಂದು ಅನೇಕರು ತಿಳಿದಿದ್ದಾರೆ. ಇದರ ಹಿಂದೆ ಒಂದು ನಿಯಮವಿತ್ತು, ಆ ನಿಯಮಕ್ಕೆ ಕಾರಣವೂ ಇತ್ತು. ಅದನ್ನು ತಿಳಿಯಬೇಕಾದರೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಧರ್ಮಸಭೆಯಲ್ಲಿ ಸಂಗೀತವೂ ಶಾಲೆಯೂ ಬಹಳ ಕಾಲದಿಂದ ಜೊತೆಯಾಗಿಯೇ ಬೆಳೆದಿವೆ. ೧೧ನೆಯ ಶತಮಾನದ ಆರಂಭದಲ್ಲಿ ಇಟಲಿಯ ಅರೆಜ್ಜೊ ನಗರದ ಪ್ರಧಾನಾಲಯದಲ್ಲಿ ಬಾಲಕರಿಗೆ ಹಾಡುಗಾರಿಕೆ ಕಲಿಸುತ್ತಿದ್ದ ಗ್ವೀದೊ ಎಂಬ ಸನ್ಯಾಸಿಗೆ ಒಂದು ಚಿಂತೆ ಇತ್ತು. ಗುರುವಿನ ಬಾಯಿಂದ ಕೇಳಿ ಕೇಳಿ ಕಲಿಯುವ ಪದ್ಧತಿಯಲ್ಲಿ ಹತ್ತು ವರ್ಷ ದುಡಿದರೂ ಗಾಯಕನು ಪರಿಪೂರ್ಣನಾಗುತ್ತಿರಲಿಲ್ಲ. ಸ್ನಾನಿಕ ಯೊವಾನ್ನರ ಸ್ತೋತ್ರವೊಂದರಲ್ಲಿ ಸಾಲಿನಿಂದ ಸಾಲಿಗೆ ಸ್ವರವು ಒಂದೊಂದು ಮೆಟ್ಟಿಲು ಏರುವುದನ್ನು ಆತನು ಬಳಸಿಕೊಂಡನು. ಆ ಸಾಲುಗಳ ಮೊದಲಕ್ಷರಗಳೇ ಉತ್, ರೆ, ಮಿ, ಫ, ಸೊಲ್, ಲ ಎಂಬ ಸ್ವರನಾಮಗಳಾದುವು. ಗೆರೆಗಳ ಮೇಲೆ ಸ್ವರವನ್ನು ಬರೆದಿಡುವ ಕ್ರಮವನ್ನೂ ಆತನು ಬಳಕೆಗೆ ತಂದನು. ಒಂದೆರಡು ವರ್ಷಗಳಲ್ಲಿಯೇ ಮಕ್ಕಳು ತಾವೆಂದೂ ಕೇಳದ ಹಾಡನ್ನು ಓದಿ ಹಾಡಬಲ್ಲವರಾದರು. ಇಂದು ಜಗತ್ತಿನ ಎಲ್ಲೆಡೆ ಪಾಶ್ಚಾತ್ಯ ಸಂಗೀತದ ಮೊದಲ ಪಾಠವಾಗಿರುವ ಈ ಕ್ರಮವು ಮಕ್ಕಳ ಗಾನವೃಂದದ ಅಗತ್ಯದಿಂದ ಹುಟ್ಟಿದುದೆಂಬುದನ್ನು ಮರೆಯಲಾಗದು.

ಈ ವಿದ್ಯೆಯು ನಮ್ಮ ಪಶ್ಚಿಮ ಕರಾವಳಿಗೆ ಬಂದುದು ೧೬ನೆಯ ಶತಮಾನದಲ್ಲಿ. ೧೫೪೨ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರರು ಕೈಗಂಟೆಯನ್ನು ಬಾರಿಸುತ್ತ ಬೀದಿಗಳಲ್ಲಿ ನಡೆದು, ಮಕ್ಕಳನ್ನು ಕೂಡಿಸಿ, ಧರ್ಮೋಪದೇಶವನ್ನು ಹಾಡಿನ ರೂಪದಲ್ಲಿ ಕಲಿಸುತ್ತಿದ್ದರು. ಮುಂದೆ ಗೋವೆಯ ಧರ್ಮಕೇಂದ್ರಗಳಲ್ಲಿ ಶಾಲೆಗಳು ನೆಲೆಗೊಂಡವು. ಅಲ್ಲಿ ಗಾನವೃಂದವನ್ನು ನಡೆಸುತ್ತಿದ್ದವರನ್ನು 'ಮೆಸ್ತ್ರೆ' ಎಂದು ಕರೆಯುತ್ತಿದ್ದರು. ನಮ್ಮ ಗಾರೆ ಕೆಲಸದ ಮೇಸ್ತ್ರಿಗೆ ಹೆಸರು ಕೊಟ್ಟುದೂ ಪೋರ್ಚುಗೀಸರ ಇದೇ ಪದ. ಮೆಸ್ತ್ರೆಯು ಮಕ್ಕಳಿಗೆ ಸ್ವರಪಾಠವನ್ನೂ ಪಿಟೀಲನ್ನೂ ಕಲಿಸಿ, ಭಾನುವಾರ ಮತ್ತು ಹಬ್ಬಗಳಂದು ಅವರಿಂದಲೇ ಹಾಡಿಸುತ್ತಿದ್ದನು. ಗೋವೆಯಿಂದ ಕನ್ನಡ ಜಿಲ್ಲೆಗಳಿಗೆ ವಲಸೆ ಬಂದ ಕುಟುಂಬಗಳು ತಮ್ಮ ವಿಶ್ವಾಸದೊಡನೆ ಹಾಡಿನ ಸಂಸ್ಕಾರವನ್ನೂ ತಂದವು.

ಈ ಶಾಲೆಗಳ ಫಲವು ದೇವಾಲಯದ ಗೋಡೆಗಳನ್ನು ದಾಟಿ ಎಷ್ಟು ದೂರ ಹರಡಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಗೋವೆಯ ಮಜೋರ್ಡಾ ಗ್ರಾಮದ ಚರ್ಚಿನಲ್ಲಿ ಗಾನವೃಂದವನ್ನು ನಡೆಸುತ್ತಿದ್ದವರ ಮಗನಾಗಿ ೧೯೨೭ರಲ್ಲಿ ಜನಿಸಿದ ಆಂತೊನಿ ಗೊನ್ಸಾಲ್ವಿಸ್ ಅವರು ಮುಂಬಯಿಗೆ ಹೋಗಿ ಹಿಂದಿ ಚಲನಚಿತ್ರಗಳ ವಾದ್ಯವೃಂದದಲ್ಲಿ ಪಿಟೀಲು ವಾದಕರೂ ಸಂಯೋಜಕರೂ ಆದರು. ೧೯೫೮ರಲ್ಲಿ ಭಾರತೀಯ ರಾಗಗಳನ್ನು ಪಾಶ್ಚಾತ್ಯ ವಾದ್ಯಮೇಳಕ್ಕೆ ಅಳವಡಿಸುವ ತಂಡವೊಂದನ್ನು ಕಟ್ಟಿದರು. ಅವರ ಶಿಷ್ಯರಾದ ಪ್ಯಾರೇಲಾಲರು, ಜೊತೆಗಾರ ಲಕ್ಷ್ಮೀಕಾಂತರೊಡನೆ ೧೯೭೭ರ ಚಿತ್ರವೊಂದಕ್ಕೆ ಸಂಗೀತ ನೀಡಿದಾಗ ಗುರುವಿನ ಹೆಸರನ್ನು ಹಾಡಿನಲ್ಲಿ ಸೇರಿಸಿ ದೇಶಕ್ಕೆಲ್ಲ ಪರಿಚಯಿಸಿದರು. ಆ ಹಾಡನ್ನು ಬಲ್ಲವರು ಕೋಟಿ ಮಂದಿ. ಅದರ ಹಿಂದೆ ಹಳ್ಳಿಯ ಗಾನವೃಂದವೊಂದು ಇತ್ತೆಂದು ಬಲ್ಲವರು ವಿರಳ.

ಇನ್ನು ಬ್ಯಾಂಡಿನ ವಿಚಾರ. ಹಳೆಯ ಕಾಲದ ಕಹಳೆಯಲ್ಲಿ ತುಟಿಯ ಬಿಗಿಯಿಂದ ಕೆಲವು ಸ್ವರಗಳು ಮಾತ್ರ ಹೊರಡುತ್ತಿದ್ದುವು. ಪೂರ್ಣ ರಾಗವನ್ನು ನುಡಿಸಲು ಅಸಾಧಾರಣ ಪರಿಶ್ರಮ ಬೇಕಾಗುತ್ತಿತ್ತು. ೧೮೧೮ರ ಸುಮಾರಿಗೆ ಜರ್ಮನಿಯಲ್ಲಿ ಒತ್ತುಗುಂಡಿಯ ಉಪಾಯ ಬಳಕೆಗೆ ಬಂತು. ಗುಂಡಿಯನ್ನು ಒತ್ತಿದಾಗ ಗಾಳಿಯು ಹೆಚ್ಚಿನ ಕೊಳವೆಯೊಂದರಲ್ಲಿ ಹಾದು ಸ್ವರ ತಗ್ಗುತ್ತದೆ. ಮೂರು ಗುಂಡಿಗಳಿಂದ ಸಪ್ತಕದ ಎಲ್ಲ ಸ್ವರಗಳೂ ಕೈವಶವಾದುವು. ೧೮೪೦ರ ದಶಕದಲ್ಲಿ ಪ್ಯಾರಿಸಿನ ಅಡಾಲ್ಫ್ ಸ್ಯಾಕ್ಸ್ ಎಂಬಾತನು ಚಿಕ್ಕದರಿಂದ ದೊಡ್ಡದರವರೆಗೆ ಒಂದೇ ಬಗೆಯ ಬೆರಳಾಟದ ವಾದ್ಯಗಳ ಸಾಲನ್ನೇ ನಿರ್ಮಿಸಿದನು. ಇದರಿಂದಾಗಿ ಒಬ್ಬ ಉಪಾಧ್ಯಾಯನು ಇಪ್ಪತ್ತು ಮೂವತ್ತು ಹುಡುಗರಿಗೆ ಒಟ್ಟಿಗೆ ಪಾಠ ಹೇಳುವುದು ಸಾಧ್ಯವಾಯಿತು. ಬೆಂಗಳೂರಿನ ದಂಡಿನಲ್ಲಿ ಸೇನೆಯ ಬ್ಯಾಂಡು, ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡು ಜನರ ಕಿವಿಗೆ ಪರಿಚಿತವಾಗಿದ್ದುವು. ಕಥೋಲಿಕ ಶಾಲೆಗಳಲ್ಲಿ ಬ್ಯಾಂಡು ಹುಟ್ಟಿಕೊಂಡಾಗ ಹಬ್ಬದ ಮೆರವಣಿಗೆಗೆ ಅದು ಸಹಜವಾಗಿಯೇ ಒದಗಿತು.

ಆದರೆ ಈ ಸೌಲಭ್ಯದಿಂದ ತೊಡಕೂ ಉಂಟಾಯಿತು. ಇಟಲಿಯ ದೇವಾಲಯಗಳಲ್ಲಿ ನಾಟಕಶಾಲೆಯ ಧಾಟಿಯ ಸಂಗೀತ ನುಗ್ಗಿ, ಬಲಿಪೂಜೆಯು ಕಚೇರಿಯಂತಾಗುತ್ತಿತ್ತು. ಸಂತ ಹತ್ತನೆಯ ಪಯಸ್ ಜಗದ್ಗುರುಗಳು ತಮ್ಮ ಪದವಿಯ ಮೊದಲ ವರ್ಷದಲ್ಲಿಯೇ, ೧೯೦೩ರ ನವೆಂಬರ್ ೨೨ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾ ಹಬ್ಬದ ದಿನ, ಇದನ್ನು ತಿದ್ದುವ ಆಜ್ಞಾಪತ್ರ ಹೊರಡಿಸಿದರು. ಗ್ರೆಗೊರಿಯನ್ ಗಾನಕ್ಕೆ ಅಗ್ರಸ್ಥಾನ ದೊರೆಯಿತು. ಪಿಯಾನೊ, ನಗಾರಿ, ತಾಳಗಳಿಗೆ ದೇವಾಲಯದೊಳಗೆ ನಿಷೇಧ ಬಂತು. ಬ್ಯಾಂಡು ಒಳಗೆ ಬಾರಿಸಕೂಡದು. ಹೊರಗಿನ ಮೆರವಣಿಗೆಯಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಂದ ಬಾರಿಸಬಹುದು, ಲೌಕಿಕ ಗೀತೆಗಳನ್ನು ಮಾತ್ರ ನುಡಿಸಬಾರದು ಎಂದು ವಿಧಿಸಲಾಯಿತು. ನಮ್ಮ ಹಿರಿಯರು ಕಂಡ ಬಾಗಿಲಿನ ಮೌನಕ್ಕೆ ಕಾರಣವಿದು.

ಅದೇ ಪತ್ರವು ಗಾನವೃಂದದ ಸೇವೆಯನ್ನು ಆರಾಧನೆಯ ಅಧಿಕೃತ ಕಾರ್ಯವೆಂದು ಪರಿಗಣಿಸಿ, ಅದರಲ್ಲಿ ಸ್ತ್ರೀಯರಿಗೆ ಸ್ಥಾನವಿಲ್ಲವೆಂದೂ, ಮೇಲಿನ ಸ್ಥಾಯಿಯ ಸ್ವರಗಳಿಗೆ ಬಾಲಕರನ್ನೇ ಬಳಸಬೇಕೆಂದೂ ಹೇಳಿತು. ಬಾಲಕರನ್ನು ಒದಗಿಸಬಲ್ಲುದು ಶಾಲೆಯೊಂದೇ. ಚಿಕ್ಕ ಹಳ್ಳಿಯ ದೇವಾಲಯದಲ್ಲಿಯೂ ಉತ್ಸಾಹಿ ಗುರುಗಳು ಮಕ್ಕಳನ್ನು ಕೂಡಿಸಿ ಗಾಯನಶಾಲೆ ನಡೆಸಬಹುದೆಂದು ಜಗದ್ಗುರುಗಳು ಹುರಿದುಂಬಿಸಿದರು. ಹೆಣ್ಣುಮಕ್ಕಳು ಮಾತ್ರ ಬಹುಕಾಲ ಕಾಯಬೇಕಾಯಿತು. ೧೯೫೫ರ ಡಿಸೆಂಬರಿನಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು, ಬಾಲಗಾಯಕರು ಸಾಕಷ್ಟಿಲ್ಲದ ಕಡೆ, ಬಲಿಪೀಠದ ಆವರಣದ ಹೊರಗೆ ನಿಂತು ಸ್ತ್ರೀಯರೂ ಹಾಡಬಹುದೆಂದು ಅನುಮತಿ ನೀಡಿದರು. ಇಂದು ನಮ್ಮ ಎಷ್ಟೋ ಗಾನವೃಂದಗಳ ಆಧಾರಸ್ತಂಭವಾಗಿರುವ ಕನ್ಯೆಯರೂ ತಾಯಂದಿರೂ ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಮುಂದೆ ಎರಡನೆಯ ವ್ಯಾಟಿಕನ್ ಮಹಾಸಭೆ ಸೇರಿತು. ೧೯೬೩ರ ಡಿಸೆಂಬರ್ ೪ರಂದು ಹೊರಬಂದ ಆರಾಧನಾ ವಿಧಿಯ ಸಂವಿಧಾನವು ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಆರನೆಯ ಪೌಲ್ ಜಗದ್ಗುರುಗಳು ೧೯೬೫ರ ಮಾರ್ಚ್ ೭ರಂದು ಇಟಾಲಿಯನ್ ಭಾಷೆಯಲ್ಲಿ ಬಲಿಪೂಜೆ ಅರ್ಪಿಸಿದರು. ಆ ವರ್ಷಗಳಲ್ಲಿಯೇ ನಮ್ಮ ಕನ್ನಡ ನುಡಿಯೂ ಬಲಿಪೀಠದ ಬಳಿಗೆ ಬಂತು. ೧೯೬೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವು ಭಾರತೀಯ ರೀತಿಯ ಆರಾಧನೆಗೆ ಮಾರ್ಗದರ್ಶನ ನೀಡಿತು. ಆಯಾ ಜನಾಂಗದ ಸಂಗೀತ ಸಂಪ್ರದಾಯಕ್ಕೆ ತಕ್ಕ ಗೌರವ ಸಲ್ಲಬೇಕೆಂದು ಮಹಾಸಭೆಯೇ ಹೇಳಿದ್ದುದರಿಂದ, ಆರಾಧನೆಗೆ ಯೋಗ್ಯವಾದ ನಾಡಿನ ವಾದ್ಯಗಳಿಗೂ ದೇವಾಲಯದೊಳಗೆ ಎಡೆ ದೊರೆಯಿತು.

ಈ ಸಂತೋಷದ ನಡುವೆ ಒಂದು ತಪ್ಪು ತಿಳಿವಳಿಕೆಯೂ ಬೆಳೆಯಿತು. ಇನ್ನು ಜನರೆಲ್ಲರೂ ಹಾಡುವುದರಿಂದ ಗಾನವೃಂದ ಬೇಡ, ಮಕ್ಕಳಿಗೆ ಸ್ವರಪಾಠ ಬೇಡ ಎಂದು ಹಲವರು ಬಗೆದರು. ಮಹಾಸಭೆ ಹೇಳಿದುದು ಹಾಗಲ್ಲ. ಗಾನವೃಂದಗಳನ್ನು ಶ್ರದ್ಧೆಯಿಂದ ಬೆಳೆಸಬೇಕೆಂದೂ, ಗುರುಮಠಗಳಲ್ಲಿ ಮಾತ್ರವಲ್ಲದೆ ಕಥೋಲಿಕ ಶಾಲೆಗಳಲ್ಲಿಯೂ ಸಂಗೀತದ ಕಲಿಕೆಗೆ ಹೆಚ್ಚಿನ ಮಹತ್ವ ಕೊಡಬೇಕೆಂದೂ ಅದು ಸ್ಪಷ್ಟವಾಗಿ ವಿಧಿಸಿತು. ೧೯೬೭ರ ಮಾರ್ಚ್ ೫ರ ಆದೇಶವು ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಗಾನವೃಂದದಲ್ಲಿ ಪುರುಷರು, ಸ್ತ್ರೀಯರು, ಮಕ್ಕಳು ಯಾರೂ ಇರಬಹುದು, ಅದು ನಿಲ್ಲುವ ಸ್ಥಳವು ತಾನು ವಿಶ್ವಾಸಿಗಳ ಸಮುದಾಯದ ಒಂದು ಭಾಗವೆಂಬುದನ್ನು ತೋರಿಸಬೇಕು, ಜನರಿಗೆ ಸಲ್ಲಬೇಕಾದ ಹಾಡನ್ನು ಅದು ಕಸಿದುಕೊಳ್ಳಬಾರದು. ಎಂದರೆ ಜನರ ಪರವಾಗಿ ಹಾಡುವುದಕ್ಕಿಂತ ಜನರು ಹಾಡುವಂತೆ ಮಾಡುವುದೇ ಗಾನವೃಂದದ ಮುಖ್ಯ ಸೇವೆ. ಅದಕ್ಕೆ ಸ್ವರ ಬಲ್ಲವರು ಹಿಂದಿಗಿಂತಲೂ ಹೆಚ್ಚಾಗಿ ಬೇಕಾಗುತ್ತಾರೆ.

ಗ್ವೀದೊ ಸನ್ಯಾಸಿಯ ಕಾಲದಿಂದ ಇಂದಿನವರೆಗೆ ನೋಡಿದರೆ ನಮಗೆ ಒಂದು ಸತ್ಯ ಗೋಚರಿಸುತ್ತದೆ. ನಿಯಮಗಳು ಬದಲಾದುವು, ಭಾಷೆ ಬದಲಾಯಿತು, ವಾದ್ಯಗಳು ಬದಲಾದುವು. ಎಲ್ಲಿ ಒಬ್ಬ ಉಪಾಧ್ಯಾಯರು ಮಕ್ಕಳೊಡನೆ ಕುಳಿತರೋ ಅಲ್ಲಿ ಹಾಡು ಉಳಿಯಿತು. ಎಲ್ಲಿ ಆ ಪಾಠ ನಿಂತಿತೋ ಅಲ್ಲಿ ಒಂದು ತಲೆಮಾರಿನೊಳಗೆ ಗಾನವೃಂದವೂ ಬ್ಯಾಂಡೂ ಬಡವಾದುವು. ಇಂದು ಮುದ್ರಿತ ಸಂಗೀತವನ್ನು ಯಂತ್ರದಲ್ಲಿ ಹಾಕಿ ಹಾಡುವ ಅನುಕೂಲವಿದೆ. ಆದರೆ ಯಂತ್ರವು ಬೀಡಾದ ಮೇಲೆ ಹಾಡಬಲ್ಲ ಹತ್ತು ಮಕ್ಕಳು ನಮ್ಮ ನಡುವೆ ಇರುವರೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಧರ್ಮಕೇಂದ್ರವೂ ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ.

ಆದುದರಿಂದ ಪ್ರಿಯ ಸಹೋದರ ಸಹೋದರಿಯರೇ, ಈ ಸಂದರ್ಭದಲ್ಲಿ ಎರಡು ಸಣ್ಣ ಕಾರ್ಯಗಳನ್ನು ನಾವು ಸೂಚಿಸಬಯಸುತ್ತೇವೆ. ಶಾಲೆಯಲ್ಲಿ ವಾರಕ್ಕೆ ಒಂದೆರಡು ಗಂಟೆಯಾದರೂ ಸ್ವರ ಬಲ್ಲವರಿಂದ ಮಕ್ಕಳಿಗೆ ಪಾಠವಾಗಲಿ. ಜ್ಞಾನಸ್ನಾನದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನಿಟ್ಟು, ಪ್ರತಿ ವರ್ಷ ಹಾಡಿದವರ, ಬಾರಿಸಿದವರ, ಕಲಿಸಿದವರ ಹೆಸರುಗಳನ್ನು ಬರೆದಿಡೋಣ. ಮುಂದಿನ ಶತಮಾನೋತ್ಸವದ ಸಂಚಿಕೆಯನ್ನು ಬರೆಯುವವರಿಗೆ ನಮಗೆ ದೊರೆಯದ ಆ ಹೆಸರುಗಳು ದೊರೆಯಲಿ. ಹೆಸರು ಉಳಿಯದೆ ಹೋದ ಹಿಂದಿನ ಗಾಯಕರನ್ನೂ ಗುರುಗಳನ್ನೂ ಈ ದಿನ ಪ್ರಾರ್ಥನೆಯಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇವೆ.